ಎಂಟು ಮನೆ

ಬಿ.ಎಡ್. ಎರಡನೇ ಸೆಮಿಸ್ಟರ್, ಅಸೈನ್‌ಮೆಂಟ್ ಮೂರು:
ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡು
ಅವರ ಬಾಳಿನ ಮೈಲಿಗಲ್ಲುಗಳಿಗೆ
ಮನೋವಿಕಾಸದ ಎಂಟು ಹಂತಗಳನ್ನು ಅನ್ವಯಿಸಿ.
ಹಾಳೆಯ ಒಂದೇ ಬದಿ. ಹತ್ತು ಅಂಕ.

ಸ್ಕೇಲಿಟ್ಟು ಎಂಟು ಮನೆ ಗೀಚಿಕೊಂಡು
ಶಿಡ್ಲಘಟ್ಟದ ನಮ್ಮ ಓಣಿಯ ಕೊನೆಗೆ
ಖಮರಕ್ಕ ನೂಲು ತೆಗೆಯುವ ಶೆಡ್ಡಿಗೆ ಹೋದೆ.
ಬೇಯುವ ಗೂಡಿನ ನಾತ ಮೊದಲ ಹತ್ತು ನಿಮಿಷ;
ಆಮೇಲೆ ಮೂಗು ತಾನೇ ಕೆಲಸ ಬಿಡುತ್ತದೆ.

ಒಂದನೇ ಮನೆ ನಂಬಿಕೆ. ಹುಟ್ಟಿನಿಂದ ಒಂದೂವರೆ ವರ್ಷ.
'ಅಮ್ಮ ನಿನ್ನ ಎತ್ತಿಕೊಂಡು ಓಡಾಡ್ತಿದ್ರಾ?'
'ಅಮ್ಮ ಇಲ್ಲೇ, ಈ ಬಿಸಿನೀರಿನ ಮುಂದೆ.
ನಾನು ಹುಳ ಸಾಕೋ ಬಿದಿರಿನ ತಟ್ಟೇಲಿ, ಹಳೇ ಸೀರೆ ಹಾಸಿ.
ಅತ್ತರೆ ಒದ್ದೆ ಕೈಯಲ್ಲೇ ತಟ್ಟೋಳಂತೆ.
ಬೆಚ್ಚಗಿರ್ತಿತ್ತಂತೆ ಕೈ.'
ಇದು ನಂಬಿಕೆಯೋ ಅಪನಂಬಿಕೆಯೋ
ಗೊತ್ತಾಗದೆ ಪೆನ್ಸಿಲಿನಲ್ಲಿ ಬರೆದೆ.

ಎರಡು, ಮೂರು ಅವಳಿಗೆ ನೆನಪಿಲ್ಲ.
ನಾಲ್ಕನೆಯದು ಶ್ರಮಶೀಲತೆ, ಆರರಿಂದ ಹನ್ನೆರಡು.
ಅರ್ಥ ಹೇಳಿದೆ.
ನಕ್ಕ ರಭಸಕ್ಕೆ ಎಳೆ ಹರಿಯಿತು:
'ಅದನ್ನ ಎಲ್ಲಾ ಮನೆಗೂ ಬರಕೋ!'

ಐದು: ಗುರುತು. ಹದಿವಯಸ್ಸು. ನಾನು ಯಾರು ಎಂಬ ಪ್ರಶ್ನೆ.
ನೀರಿನಿಂದ ಹತ್ತೂ ಬೆರಳು ತೆಗೆದು
ನನ್ನ ಮುಖಕ್ಕೆ ಹಿಡಿದಳು.
ತುದಿಗಳಲ್ಲಿ ಒಂದು ಗೆರೆಯಿಲ್ಲ, ಒಂದು ಸುಳಿಯಿಲ್ಲ,
ಉಜ್ಜಿಟ್ಟ ಸಾಬೂನು.
'ರೇಷನ್ ಅಂಗಡಿ ಮಿಷನ್ನು ಹೋದ ತಿಂಗಳೂ ಒಪ್ಪಲಿಲ್ಲ.
ಹೆಬ್ಬೆಟ್ಟು ಇಟ್ಟೆ, ಒರೆಸಿ ಇಟ್ಟೆ, ಎಡಗೈ ಇಟ್ಟೆ.
ಈ ಹೆಂಗಸು ಈ ಹೆಂಗಸಲ್ಲ ಅಂತು.
ಕೊನೆಗೆ ಕಣ್ಣು ತೋರಿಸಿ ಅಕ್ಕಿ ತಂದೆ.
ಅದನ್ನ ಯಾವ ವಯಸ್ಸಿಗೆ ಬರೀತೀಯ?'

ಆರು: ಆತ್ಮೀಯತೆ. ನಾನೇ ತುಂಬಿಬಿಟ್ಟಿದ್ದೆ:
ಹತ್ತೊಂಬತ್ತಕ್ಕೆ ಮದುವೆ.
'ಹೊಡಿ ಅದನ್ನ. ನಲವತ್ತೊಂದು ಅಂತ ಹಾಕು.
ಅವರಿಗೆ ದಮ್ಮು ಹತ್ತಿದ ವರ್ಷ.
ಮಲಗಿದರೆ ಉಸಿರು ಕಟ್ಟೋದು.
ಬೆನ್ನಿಗೆ ಬೆನ್ನು ಕೊಟ್ಟು ಬೆಳತನಕ ಕೂತಿದ್ವಿ.
ಸಹರಿ ಹೊತ್ತಿಗೆ ಕೇಳಿದರು, ನಿಂಗೆ ಯಾವ ಬಣ್ಣ ಇಷ್ಟ?
ಇಪ್ಪತ್ತೆರಡು ವರ್ಷ ಹಳದಿ ನೂಲೊಂದೇ ನೋಡಿದ ಗಂಡಸು!'
'ಏನಂದೆ?'
'ನೀಲಿ ಅಂದೆ. ಸುಳ್ಳು. ಬಾಯಿಗೆ ಬಂದದ್ದು.'
ಹೊಸ ಗೂಡು ನೀರಿಗೆ ಬಿಟ್ಟಳು.
'ಈಗ ನಿಜವಾಗಿದೆ.'

ನನ್ನ ಹಾಳೆಯ ತುಂಬ ಬಾಣದ ಗುರುತು,
ಆರರಿಂದ ಏಳಕ್ಕೆ, ಐದರಿಂದ ಎಲ್ಲಿಗೋ.
'ನಿಮ್ಮದು ಎಂಟು. ಹುಳಕ್ಕೆ ನಾಲ್ಕೇ ಜ್ವರ.
ಜ್ವರಕ್ಕೆ ಕೂತಾಗ ತಲೆ ಎತ್ತಿ ಸುಮ್ಮನಾಗುತ್ತೆ,
ಸೊಪ್ಪು ಮುಟ್ಟಲ್ಲ. ಕದಲಿಸಬಾರದು.
ಎಲ್ಲಾ ಒಟ್ಟಿಗೆ ಏಳಲ್ಲ ಕಣಮ್ಮ.
ಹಿಂದೆ ಬಿದ್ದವು ಏಳೋವರೆಗೂ ಮೇವು ಹಾಕಲ್ಲ ನಾವು.'
ಕೇಳುತ್ತ ಪೆನ್ಸಿಲ್ ಚೂಪು ಮಾಡುತ್ತಿದ್ದೆ.
ನನಗೆ ಮೂವತ್ತೇಳು.
ನನ್ನ ಬೆಂಚಿನ ಹುಡುಗಿಗೆ ಇಪ್ಪತ್ತೆರಡು.

ಏಳನೆಯದು ಮುಂದಿನವರಿಗೆ ಕೊಡುವುದು. ಕೇಳಬೇಕೆಂದಿದ್ದೆ,
ಅಷ್ಟರಲ್ಲಿ 'ಕೈ ಕೊಡು' ಅಂದಳು.
ಹಿಡಿದು ಅದ್ದಿಯೇ ಬಿಟ್ಟಳು.
ಕುದಿಯುವುದಕ್ಕೆ ಒಂದು ಮಾತು ಕಡಿಮೆ ನೀರು.
'ಹುಡುಕಬೇಡ. ಸವರು. ಕೊನೆ ತಾನೇ ಅಂಟುತ್ತೆ.'
ಅಂಟಿತು.
ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು,
ಎಳೆದಷ್ಟೂ ಬರುತ್ತಲೇ ಇತ್ತು.

ಎಂಟನೆಯದು ಅರವತ್ತೈದರ ಮೇಲೆ.
ಅವಳಿಗಿನ್ನೂ ಐವತ್ತೆಂಟು.
'ಖಾಲಿ ಬಿಡು. ಬಾಡಿಗೆಗೆ ಯಾರಾದ್ರೂ ಬರ್ತಾರೆ.'

ಆ ರಾತ್ರಿ ಬರೆಯಲು ಕೂತರೆ
ಕೆಂಪಗೆ ಊದಿದ ಬೆರಳಿಗೆ ಪೆನ್ನು ನಿಲ್ಲದು.
ಅಕ್ಷರವೆಲ್ಲ ಬೇರೆ ಯಾರದೋ.

ಹದಿನೈದು ದಿನಕ್ಕೆ ಹಾಳೆ ವಾಪಸು ಬಂತು.
ಹಸಿರು ಶಾಯಿಯಲ್ಲಿ ಮೇಷ್ಟ್ರ ಷರಾ:
ಹಂತಗಳು ಕ್ರಮದಲ್ಲಿಲ್ಲ. ಕೊನೆಯದು ಬಿಟ್ಟುಹೋಗಿದೆ. ಆರು.

ಓದಿ ಹೇಳಿದೆ.
ಖಮರಕ್ಕ ಕೈ ಒರೆಸಿಕೊಂಡು,
ಗೂಡಿನ ಮಾರ್ಕೆಟ್ಟಿನ ತೂಕದ ಚೀಟಿ ನೋಡುವ ಹಾಗೆ
ಹಾಳೆಯನ್ನು ಬೆಳಕಿಗೆ ಹಿಡಿದು ಕೇಳಿದಳು:
'ಹತ್ತರಲ್ಲಿ ಆರಾ?
ಮಿಕ್ಕ ನಾಲ್ಕು ಯಾರು ತಿಂದ್ರು?'